ಮಗ್ಗದ ಬಡಗಿ ಮಿಚಿಯೊ ಸುಜುಕಿ: ಹಮಾಮತ್ಸುವಿನಿಂದ ಕಾಫಿ ಸೀಮೆಯವರೆಗೆ

ಚಿಕ್ಕಮಗಳೂರು: ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗುವ ರಸ್ತೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಸುಜುಕಿ ಎಂಬ ಹೆಸರು ಹತ್ತಾರು ಬಾರಿ ಕಣ್ಣಿಗೆ ಬೀಳುತ್ತದೆ. ತೋಟದ ಸಾಹುಕಾರರ ಜಿಪ್ಸಿ, ಪೇಟೆಯಿಂದ ದಿನಸಿ ತರುವ ಹಳೆಯ ಓಮ್ನಿ, ಶಾಲಾ ಶಿಕ್ಷಕರ ಆಲ್ಟೊ, ಹೊರನಾಡಿಗೆ ಹೊರಟ ಯಾತ್ರಿಕರ ಬಾಡಿಗೆ ಕಾರು, ಎಲ್ಲವುಗಳ ಮೂಲ ಒಂದೇ. ಕಾಫಿ ಸೀಮೆಯ ಮನೆಮಾತಾಗಿರುವ ಆ ಹೆಸರು ಒಬ್ಬ ಬಡಗಿಯದು ಎಂಬುದು ಮಾತ್ರ ಹೆಚ್ಚು ಮಂದಿಗೆ ತಿಳಿದಿಲ್ಲ.

ಮಿಚಿಯೊ ಸುಜುಕಿ ಕಾರು ತಯಾರಕರಾಗಿ ಬದುಕು ಆರಂಭಿಸಿದವರಲ್ಲ. ಬಟ್ಟೆ ನೇಯುವ ಮಗ್ಗಗಳನ್ನು ಮಾಡಿ ಹೆಸರು ಗಳಿಸಿದ ಅವರು, ಸಾಮಾನ್ಯವಾಗಿ ಜನ ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕಾಯಿತು. 1982ರ ಅಕ್ಟೋಬರ್ 2ರಂದು ಭಾರತ ಸರ್ಕಾರದ ಮಾರುತಿ ಉದ್ಯೋಗ್ ಜತೆಗೆ ಅವರ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿತು. ಅದೇ ತಿಂಗಳ 27ರಂದು, 95ನೇ ವಯಸ್ಸಿನಲ್ಲಿ ಅವರು ನಿಧನರಾದರು. ತಮ್ಮ ಹೆಸರು ಭಾರತದ ಹಳ್ಳಿಹಳ್ಳಿಗೂ ತಲುಪಿದ್ದನ್ನು ನೋಡಲು ಅವರು ಉಳಿಯಲಿಲ್ಲ.

ಹತ್ತಿ ಬೆಳೆಯುವ ಮನೆಯ ಮಗ

ಮಿಚಿಯೊ ಹುಟ್ಟಿದ್ದು 1887ರ ಫೆಬ್ರುವರಿ 18ರಂದು, ಜಪಾನಿನ ಶಿಜುವೊಕಾ ಪ್ರಾಂತ್ಯದ ಹಮಾಮತ್ಸು ಪಟ್ಟಣಕ್ಕೆ ಸಮೀಪದ ಹಳ್ಳಿಯೊಂದರಲ್ಲಿ. ಶಿಜುವೊಕಾ ಚಹಾ ತೋಟಗಳಿಗೆ ಹೆಸರಾದ ಗುಡ್ಡಗಾಡಿನ ಸೀಮೆ. ಹಮಾಮತ್ಸು ಸುತ್ತಲಿನ ಬಯಲಿನಲ್ಲಿ ಮಾತ್ರ ಹತ್ತಿ ಬೆಳೆ ಮತ್ತು ನೇಕಾರಿಕೆಯೇ ಜೀವನಾಧಾರವಾಗಿತ್ತು. ಮಿಚಿಯೊ ಅವರದೂ ಹತ್ತಿ ಬೆಳೆಯುವ ರೈತ ಕುಟುಂಬ. ಮನೆಯಲ್ಲಿ ತಾಯಿ ಮಗ್ಗದ ಮುಂದೆ ಕುಳಿತು ಬಟ್ಟೆ ನೇಯುತ್ತಿದ್ದರು.

ಈ ಪುಟ್ಟ ಸೀಮೆ ಜಗತ್ತಿಗೆ ಕೊಟ್ಟ ಹೆಸರುಗಳು ಒಂದೆರಡಲ್ಲ. ಟೊಯೊಟಾ ಸಂಸ್ಥೆಯ ಮೂಲಪುರುಷ, ಸ್ವಯಂಚಾಲಿತ ಮಗ್ಗದ ಸಂಶೋಧಕ ಸಕಿಚಿ ಟೊಯೊಡಾ ಪಕ್ಕದ ಕೊಸಾಯಿಯವರು. ಮಿಚಿಯೊ ಹುಟ್ಟಿದ ವರ್ಷವೇ ತೊರಕುಸು ಯಮಾಹಾ ಹಮಾಮತ್ಸುವಿನ ಶಾಲೆಯೊಂದರ ಆರ್ಗನ್ ವಾದ್ಯ ದುರಸ್ತಿ ಮಾಡಿ ಯಮಾಹಾ ಸಂಸ್ಥೆಗೆ ಬೀಜ ಬಿತ್ತಿದರು. ಹೋಂಡಾ ಸಂಸ್ಥಾಪಕ ಸೊಯಿಚಿರೊ ಹೋಂಡಾ 1906ರಲ್ಲಿ ಹುಟ್ಟಿದ್ದೂ ಇದೇ ಆಸುಪಾಸಿನ ಹಳ್ಳಿಯಲ್ಲಿ.

14ನೇ ವಯಸ್ಸಿನಲ್ಲಿ ಮಿಚಿಯೊ ಬಡಗಿಯೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. ಏಳು ವರ್ಷ ಗುರುವಿನ ಕೈಕೆಳಗೆ ದುಡಿಯಬೇಕೆಂಬ ಕರಾರು ಇತ್ತು. 1904ರಲ್ಲಿ ರಷ್ಯಾ ಮತ್ತು ಜಪಾನ್ ನಡುವೆ ಯುದ್ಧ ಆರಂಭವಾದಾಗ ಮನೆ ಕಟ್ಟಿಸುವವರು ಕಡಿಮೆಯಾದರು. ಕೆಲಸವಿಲ್ಲದ ಗುರು ಮಗ್ಗ ತಯಾರಿಕೆಗೆ ಇಳಿದರು. ಶಿಷ್ಯನೂ ಅದನ್ನೇ ಕಲಿತರು. ಹೊಟ್ಟೆಪಾಡಿಗಾಗಿ ಗುರು ಹಿಡಿದ ಆ ಅಡ್ಡದಾರಿಯೇ ಶಿಷ್ಯನ ಪಾಲಿಗೆ ಹೆದ್ದಾರಿಯಾಯಿತು.

ಎರಡು ಲಾಳಿಯ ಮಗ್ಗ

ಕರಾರು ಮುಗಿದ ಬಳಿಕ 1908ರಲ್ಲಿ ಮಿಚಿಯೊ ಸ್ವತಂತ್ರವಾಗಿ ಮಾಡಿದ ಮೊದಲ ಮಗ್ಗ ಮರದ್ದು, ಕಾಲಿನಿಂದ ತುಳಿದು ನಡೆಸುವಂಥದ್ದು. ಅದನ್ನು ಅವರು ತಾಯಿಗೆ ಕೊಟ್ಟರು. ತಾಯಿಯ ನೇಯ್ಗೆಯ ವೇಗ ಕಂಡು ನೆರೆಹೊರೆಯವರೂ ತಮಗೊಂದು ಬೇಕೆಂದು ಕೇಳತೊಡಗಿದರು. 1909ರ ಅಕ್ಟೋಬರ್‌ನಲ್ಲಿ, 22ರ ಹರೆಯದಲ್ಲಿ, ರೇಷ್ಮೆಹುಳು ಸಾಕುತ್ತಿದ್ದ ಮನೆಯೊಂದನ್ನೇ ಕಾರ್ಖಾನೆ ಮಾಡಿಕೊಂಡು ಸುಜುಕಿ ಮಗ್ಗ ತಯಾರಿಕಾ ಘಟಕ ಆರಂಭಿಸಿದರು.

ಅಂದಿನ ಸಾಮಾನ್ಯ ಮಗ್ಗಕ್ಕೆ ಒಂದೇ ಲಾಳಿ. ಹಾಸಿನ ನೂಲಿನಲ್ಲಿ ಬಣ್ಣ ಬದಲಿಸಿ ಉದ್ದ ಗೆರೆ ಮೂಡಿಸಬಹುದಿತ್ತು. ಹೊಕ್ಕಿನ ನೂಲಿನ ಬಣ್ಣ ಬದಲಿಸಬೇಕಾದರೆ ಪ್ರತಿ ಬಾರಿಯೂ ಕೆಲಸ ನಿಲ್ಲಿಸಬೇಕಿತ್ತು. ಮಿಚಿಯೊ ಎರಡು ಲಾಳಿಗಳ ಮಗ್ಗ ರೂಪಿಸಿ ಈ ತೊಡಕು ನಿವಾರಿಸಿದರು. ಪಟ್ಟೆ ಹಾಗೂ ಚೌಕಳಿ ಬಟ್ಟೆ ನೇಯುವುದು ಸುಲಭವಾಯಿತು. ಇಳಕಲ್ ಅಥವಾ ಗುಳೇದಗುಡ್ಡದ ನೇಕಾರರಿಗೆ ಈ ಸುಧಾರಣೆಯ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

1920ರಲ್ಲಿ ಘಟಕವು ಷೇರು ಬಂಡವಾಳದ ಕಂಪನಿಯಾಯಿತು. ಆಗ್ನೇಯ ಏಷ್ಯಾದ ಜನ ಉಡುವ, ನಮ್ಮ ಲುಂಗಿಯನ್ನೇ ಹೋಲುವ ಸರೋಂಗ್ ಬಟ್ಟೆ ನೇಯಲೆಂದೇ ವಿಶೇಷ ಮಗ್ಗ ರೂಪಿಸಿ ಮಿಚಿಯೊ ಹೊರದೇಶಗಳಿಗೆ ಕಳುಹಿಸಿದರು. ಜೀವಿತಾವಧಿಯಲ್ಲಿ ಅವರ ಹೆಸರಿಗೆ 120ಕ್ಕೂ ಹೆಚ್ಚು ಪೇಟೆಂಟ್‌ಗಳು ದಾಖಲಾದವು.

ಐವತ್ತರಲ್ಲಿ ಕಾರಿನ ಕನಸು

ವ್ಯಾಪಾರ ಏರುಗತಿಯಲ್ಲಿದ್ದಾಗಲೇ ಮಿಚಿಯೊ ಅವರನ್ನು ಒಂದು ಚಿಂತೆ ಕಾಡತೊಡಗಿತು. ಅವರ ಮಗ್ಗಗಳು ಬಹಳ ಗಟ್ಟಿಯಾಗಿದ್ದವು. ಒಮ್ಮೆ ಕೊಂಡ ನೇಕಾರ ಹಲವು ವರ್ಷ ಮತ್ತೊಂದನ್ನು ಕೊಳ್ಳಲು ಬರುತ್ತಿರಲಿಲ್ಲ. ಗುಣಮಟ್ಟವೇ ಮಾರಾಟಕ್ಕೆ ಮಿತಿಯಾಗುವ ವಿಚಿತ್ರ ಸಂಕಟವದು. ಒಂದೇ ಸರಕನ್ನು ನಂಬಿ ಕೂರುವುದು ಅಪಾಯ ಎಂದು ಅವರಿಗೆ ಮನವರಿಕೆಯಾಯಿತು. ಕಾಫಿಯ ನಡುವೆ ಮೆಣಸಿನ ಬಳ್ಳಿ ಹಬ್ಬಿಸಿ, ಒಂದರ ಬೆಲೆ ಬಿದ್ದಾಗ ಇನ್ನೊಂದು ಕೈಹಿಡಿಯಲಿ ಎಂದು ಕಾಯುವ ಮಲೆನಾಡಿನ ಬೆಳೆಗಾರನ ಲೆಕ್ಕಾಚಾರವೂ ಇದೇ.

1937ರಲ್ಲಿ, 50ನೇ ವಯಸ್ಸಿನಲ್ಲಿ, ಅವರು ಕಾರಿನ ಕಡೆ ಹೊರಳಿದರು. ಬ್ರಿಟನ್ನಿನ ಆಸ್ಟಿನ್ ಸೆವೆನ್ ಕಾರೊಂದನ್ನು ತರಿಸಿ, ಬಿಚ್ಚಿ, ಅದರ ಒಳಗುಟ್ಟು ಅರಿತರು. ಎರಡು ವರ್ಷಗಳಲ್ಲಿ ನಾಲ್ಕು ಸಿಲಿಂಡರಿನ, 800 ಸಿಸಿಗಿಂತ ಕಡಿಮೆ ಸಾಮರ್ಥ್ಯದ, 13 ಅಶ್ವಶಕ್ತಿಯ ಎಂಜಿನ್ ಹೊಂದಿದ ಮಾದರಿ ಕಾರುಗಳು ಸಿದ್ಧವಾದವು.

ಆದರೆ ಕಾಲ ಕೂಡಿಬರಲಿಲ್ಲ. ಎರಡನೆಯ ಮಹಾಯುದ್ಧದ ಸಿದ್ಧತೆಯಲ್ಲಿದ್ದ ಸರ್ಕಾರ ಜನಸಾಮಾನ್ಯರ ಕಾರು ಅನಗತ್ಯ ವಸ್ತು ಎಂದು ಬಗೆಯಿತು. ಕಾರ್ಖಾನೆ ಯುದ್ಧದ ಸರಕು ತಯಾರಿಸಬೇಕಾಯಿತು. 1944ರ ಡಿಸೆಂಬರ್‌ನ ಭೂಕಂಪ ಹಾಗೂ ಮರುವರ್ಷದ ಬಾಂಬ್ ದಾಳಿಗಳಿಂದ ಕಾರ್ಖಾನೆ ಹಾನಿಗೊಳಗಾಯಿತು. ಕಾರಿನ ಕನಸು ಮೂಲೆ ಸೇರಿತು.

ಕೈಕೊಟ್ಟ ಹತ್ತಿ

ಯುದ್ಧಾನಂತರ ಬದುಕು ಮತ್ತೆ ಮಗ್ಗದತ್ತ ತಿರುಗಿತು. ಹೊಟ್ಟೆಪಾಡಿಗೆ ಕೃಷಿ ಸಲಕರಣೆ, ಮನೆ ಬಳಕೆಯ ಸಾಮಾನುಗಳನ್ನೂ ಮಾಡಲಾಯಿತು. 1950ರ ಸುಮಾರಿಗೆ ಕಾರ್ಮಿಕ ವಿವಾದ ಕಂಪನಿಯನ್ನು ಕಂಗೆಡಿಸಿತು. 1951ರಲ್ಲಿ ಹತ್ತಿ ಮಾರುಕಟ್ಟೆಯೇ ಕುಸಿಯಿತು. ನಾಲ್ಕು ದಶಕಗಳ ಶ್ರಮದ ಫಲ ಕೈಜಾರುವ ಹಂತ ತಲುಪಿತು. ಮಗ್ಗಕ್ಕೆ ಅಂಟಿಕೊಂಡರೆ ಕಂಪನಿ ಮುಳುಗುವುದು ಬಹುತೇಕ ಖಚಿತ. ಬಿಟ್ಟರೆ ಮುಂದೇನು ಎಂಬುದು ಅನಿಶ್ಚಿತ.

ದಾರಿ ತೋರಿದ್ದು ಅಳಿಯ ಶುಂಜೊ ಸುಜುಕಿ. ಮೀನು ಹಿಡಿಯಲು ಸೈಕಲ್ ಮೇಲೆ ಹೋಗಿ ಬರುವಾಗ ಎದುರುಗಾಳಿಗೆ ಪೆಡಲ್ ತುಳಿದು ದಣಿದ ಅವರಿಗೆ, ಸೈಕಲ್ಲಿಗೊಂದು ಪುಟ್ಟ ಎಂಜಿನ್ ಕೂರಿಸಿದರೆ ಹೇಗೆ ಎಂಬ ಯೋಚನೆ ಬಂತೆಂದು ಕಂಪನಿಯ ಚರಿತ್ರೆ ಹೇಳುತ್ತದೆ. 1952ರ ಜೂನ್‌ನಲ್ಲಿ 36 ಸಿಸಿಯ ‘ಪವರ್ ಫ್ರೀ’ ಮಾರುಕಟ್ಟೆಗೆ ಬಂತು. ಸವಾರ ಬರೀ ಪೆಡಲ್ ತುಳಿಯಬಹುದಿತ್ತು, ಎಂಜಿನ್ ನೆರವಿನೊಡನೆ ತುಳಿಯಬಹುದಿತ್ತು, ಇಲ್ಲವೇ ಎಂಜಿನ್ನಿಗೇ ಎಲ್ಲವನ್ನೂ ಬಿಟ್ಟು ಕೂರಬಹುದಿತ್ತು. ಆಗ ಮಿಚಿಯೊ ಅವರಿಗೆ 65 ವರ್ಷ. ಮರುವರ್ಷ ಬಂದ 60 ಸಿಸಿಯ ‘ಡೈಮಂಡ್ ಫ್ರೀ’ ಫ್ಯುಜಿ ಪರ್ವತದ ಏರುಹಾದಿ ಸ್ಪರ್ಧೆಯಲ್ಲಿ ತನ್ನ ವರ್ಗದಲ್ಲಿ ಗೆದ್ದಿತು. 1954ರ ಜೂನ್‌ನಲ್ಲಿ ಕಂಪನಿ ತನ್ನ ಹೆಸರಿನಿಂದ ಮಗ್ಗವನ್ನು ಕೈಬಿಟ್ಟು ಸುಜುಕಿ ಮೋಟಾರ್ ಆಯಿತು.

ಘಟ್ಟ ಹತ್ತಿದ ಪುಟ್ಟ ಕಾರು

ದ್ವಿಚಕ್ರ ವಾಹನಗಳಿಂದ ಹಣ ಬರತೊಡಗಿದೊಡನೆ ಮಿಚಿಯೊ ಮೂಲೆ ಸೇರಿದ್ದ ಕನಸನ್ನು ಮತ್ತೆ ಹೊರತೆಗೆದರು. ಜಪಾನ್ ಸರ್ಕಾರ ಆಗ ಕಡಿಮೆ ತೆರಿಗೆಯ ಪುಟ್ಟ ಕಾರುಗಳ ಪ್ರತ್ಯೇಕ ವರ್ಗವನ್ನು ರೂಪಿಸಿತ್ತು. ಜರ್ಮನಿಯ ಲಾಯ್ಡ್ ಕಾರನ್ನು ಅಧ್ಯಯನ ಮಾಡಿ ಸುಜುಕಿ ತಂತ್ರಜ್ಞರು ಮಾದರಿಗಳನ್ನು ಸಿದ್ಧಪಡಿಸಿದರು.

1954ರಲ್ಲಿ ಅವುಗಳಿಗೆ ಅಗ್ನಿಪರೀಕ್ಷೆ. ಹಮಾಮತ್ಸುವಿನಿಂದ ಹಕೋನೆ ಘಟ್ಟ ದಾಟಿ ಟೋಕಿಯೊ ತಲುಪಬೇಕು. ಅಲ್ಲಿನ ಹೆಸರಾಂತ ಕಾರು ವ್ಯಾಪಾರ ಸಂಸ್ಥೆ ಯಾನಾಸೆಯ ಮುಖ್ಯಸ್ಥರಿಗೆ ತೋರಿಸಬೇಕು. ಹಾದಿಯ ಬಹುಪಾಲು ಡಾಂಬರು ಕಾಣದ್ದು. ಚಾರ್ಮಾಡಿಯ ತಿರುವುಗಳಲ್ಲಿ ಕಾಯ್ದ ಎಂಜಿನ್ನಿಗೆ ನೀರು ಹೊಯ್ದು ಕಾದು ನಿಂತ ಹಳೆಯ ತಲೆಮಾರಿನ ಚಾಲಕರು ಆ ಪಯಣವನ್ನು ಊಹಿಸಿಕೊಳ್ಳಬಲ್ಲರು. ಕೆಟ್ಟು ನಿಂತಲ್ಲಿ ದುರಸ್ತಿ ಮಾಡುತ್ತಾ ತಂಡ ಟೋಕಿಯೊ ತಲುಪಿದಾಗ ರಾತ್ರಿ ಬಹಳವಾಗಿತ್ತು. ಕಾದಿದ್ದ ಯಾನಾಸೆ ಮುಖ್ಯಸ್ಥರು ಕಾರನ್ನು ಓಡಿಸಿ ನೋಡಿ ಮೆಚ್ಚಿದರು.

1955ರ ಅಕ್ಟೋಬರ್‌ನಲ್ಲಿ 360 ಸಿಸಿಯ ‘ಸುಜುಲೈಟ್’ ಬಿಡುಗಡೆಯಾಯಿತು. ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೆ ಹೋಗುವ ವ್ಯವಸ್ಥೆ ಆ ಕಾಲದ ಜಪಾನಿಗೆ ಹೊಸದು. ಆರಂಭದಲ್ಲಿ ತಿಂಗಳಿಗೆ ತಯಾರಾಗುತ್ತಿದ್ದುದು ಬೆರಳೆಣಿಕೆಯಷ್ಟೇ. ಆದರೂ 18 ವರ್ಷಗಳ ಹಿಂದೆ ಹೊತ್ತ ಹರಕೆ ತೀರಿತ್ತು. 1957ರಲ್ಲಿ, 70ನೇ ವಯಸ್ಸಿನಲ್ಲಿ, ಮಿಚಿಯೊ ಅಧ್ಯಕ್ಷ ಸ್ಥಾನವನ್ನು ಶುಂಜೊ ಅವರಿಗೆ ಒಪ್ಪಿಸಿ ಹಿಂದೆ ಸರಿದರು.

ಮನೆ ಅಳಿಯಂದಿರ ಪರಂಪರೆ

ಸಮರ್ಥ ಅಳಿಯನನ್ನು ದತ್ತು ಪಡೆದು ಮನೆತನದ ಹೆಸರನ್ನೂ ಉದ್ಯಮವನ್ನೂ ಆತನಿಗೆ ಒಪ್ಪಿಸುವುದು ಜಪಾನಿನಲ್ಲಿ ಹಳೆಯ ರೂಢಿ. ಮನೆ ಅಳಿಯತನ ಬಲ್ಲ ಮಲೆನಾಡಿಗೆ ಇದು ಅಪರಿಚಿತವಲ್ಲ. ಮಿಚಿಯೊ ಅವರ ಬಳಿಕ ಅಳಿಯ ಶುಂಜೊ, ಮುಂದೆ 1978ರಲ್ಲಿ ಶುಂಜೊ ಅವರ ಅಳಿಯ ಒಸಾಮು ಕಂಪನಿಯ ಚುಕ್ಕಾಣಿ ಹಿಡಿದರು. ಬ್ಯಾಂಕ್ ಉದ್ಯೋಗಿಯಾಗಿದ್ದ ಒಸಾಮು, ಮಿಚಿಯೊ ಅವರ ಮೊಮ್ಮಗಳನ್ನು ಮದುವೆಯಾಗಿ ಸುಜುಕಿ ಹೆಸರು ಧರಿಸಿದವರು. ಭಾರತಕ್ಕೆ ಬರುವ ನಿರ್ಧಾರ ಅವರದು. 2024ರ ಡಿಸೆಂಬರ್‌ನಲ್ಲಿ ನಿಧನರಾದ ಅವರಿಗೆ ಭಾರತ ಸರ್ಕಾರ 2025ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಿಸಿತು.

ಚಿಕ್ಕಮಗಳೂರಿನ ನಂಟು

ಭಾರತದಲ್ಲಿ ಸುಜುಕಿ ಕತೆಯ ಹಿಂದಿರುವ ರಾಜಕೀಯಕ್ಕೆ ಚಿಕ್ಕಮಗಳೂರಿನ ಎಳೆಯೂ ಇದೆ. ಸಂಜಯ್ ಗಾಂಧಿ 1971ರಲ್ಲಿ ಆರಂಭಿಸಿದ ಮಾರುತಿ ಕಾರು ಯೋಜನೆ ದಡ ಸೇರಲಿಲ್ಲ. 1977ರ ಸೋಲಿನ ಬಳಿಕ ಇಂದಿರಾ ಗಾಂಧಿ 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಸಂಸತ್ತಿಗೆ ಮರಳಿದರು. ಮರುತಿಂಗಳೇ ಸದನದಿಂದ ಉಚ್ಚಾಟನೆಗೊಂಡರೂ, ಕಾಫಿ ಸೀಮೆ ಕೊಟ್ಟ ಗೆಲುವು ಅವರ ರಾಜಕೀಯ ಮರುಜೀವಕ್ಕೆ ಮೆಟ್ಟಿಲಾಯಿತು. 1980ರಲ್ಲಿ ಅವರು ಮತ್ತೆ ಪ್ರಧಾನಿಯಾದರು. ಅದೇ ವರ್ಷ ಸಂಜಯ್ ವಿಮಾನ ಅಪಘಾತದಲ್ಲಿ ಮೃತಪಟ್ಟರು. ಸರ್ಕಾರ ವಹಿಸಿಕೊಂಡ ಯೋಜನೆ 1981ರಲ್ಲಿ ಮಾರುತಿ ಉದ್ಯೋಗ್ ಆಯಿತು; ಶೇ 26ರ ಪಾಲಿನೊಂದಿಗೆ ಸುಜುಕಿ ಕೈಜೋಡಿಸಿತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಗ್ರಾಹಕರಿಗೆ ಹಸ್ತಾಂತರಿಸಿದವರೂ ಇಂದಿರಾ ಅವರೇ.

ಜಿಪ್ಸಿ ಮೆಚ್ಚಿದ ಮಲೆನಾಡು

ಕಾಫಿ ಬೆಟ್ಟಗಳ ಮನ ಗೆದ್ದದ್ದು 1985ರ ಡಿಸೆಂಬರ್‌ನಲ್ಲಿ ಬಂದ ಜಿಪ್ಸಿ. ಹೋಪ್ ಎಂಬ ಸಣ್ಣ ಕಂಪನಿಯ ವಿನ್ಯಾಸವನ್ನು ಕೊಂಡು ಸುಜುಕಿ 1970ರಲ್ಲಿ ತಯಾರಿಸಿದ 359 ಸಿಸಿಯ ಪುಟ್ಟ ಜೀಪಿನ ವಂಶದ ಕುಡಿ ಅದು. 970 ಸಿಸಿಯ ಪೆಟ್ರೋಲ್ ಎಂಜಿನ್, ನಾಲ್ಕೂ ಗಾಲಿಗಳಿಗೆ ಬಲ ಹರಿಸುವ ಸೌಲಭ್ಯ, ಗಟ್ಟಿ ಚಾಸಿ, ಪಟ್ಟಿ ಸ್ಪ್ರಿಂಗ್. 1996ರಲ್ಲಿ 1,298 ಸಿಸಿಯ ಎಂಜಿನ್ ಬಂತು.

ಗೊಬ್ಬರದ ಮೂಟೆ, ಕಾಫಿ ಚೀಲ ಹೊರುವ ಕೆಲಸದಲ್ಲಿ ಡೀಸೆಲ್ ಜೀಪಿನ ಸ್ಥಾನವನ್ನು ಜಿಪ್ಸಿ ಎಂದೂ ಕಸಿಯಲಿಲ್ಲ. ಅದು ಪೆಟ್ರೋಲ್ ಕುಡಿಯುತ್ತಿತ್ತು. ಹಿಂದೆ ಕೂತವರ ಸೊಂಟಕ್ಕೆ ಕರುಣೆ ತೋರುತ್ತಿರಲಿಲ್ಲ. ಅದರ ಗುಟ್ಟು ಹಗುರತನದಲ್ಲಿತ್ತು. ಮುಂಗಾರಿನಲ್ಲಿ ತೋಟದ ಮಣ್ಣುರಸ್ತೆ ಕೆಸರಿನ ಗದ್ದೆಯಾದಾಗ ಭಾರದ ವಾಹನ ಹೂತುಹೋಗುತ್ತದೆ. ಒಂದು ಟನ್ ಆಸುಪಾಸಿನ ಜಿಪ್ಸಿ ಮೇಲೇರುತ್ತದೆ. ಹೂತರೂ ನಾಲ್ಕಾಳು ಸೇರಿ ನೂಕಿದರೆ ಹೊರಬರುತ್ತದೆ. ಎಂಜಿನ್ ಸರಳವಾದ್ದರಿಂದ ಪೇಟೆಯ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸಬಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಹಾದಿಗಳು ರಾಷ್ಟ್ರೀಯ ರ‍್ಯಾಲಿಗಳಿಗೆ ಅಂಗಳವಾದಾಗ ಜಿಪ್ಸಿ ಸವಾರರ ಪೈಪೋಟಿಗೆ ಅಭಿಮಾನಿಗಳ ದಂಡೇ ನೆರೆಯಿತು. ಸೇನೆ, ಪೊಲೀಸ್, ಅರಣ್ಯ ಸಫಾರಿಗಳಲ್ಲೂ ಅದು ದುಡಿಯಿತು.

ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತು. 2019ರಲ್ಲಿ ಜಿಪ್ಸಿ ಹಾಗೂ ಓಮ್ನಿ ಹೊಸ ಸುರಕ್ಷತಾ ನಿಯಮಗಳ ಕಾಲಕ್ಕೆ ಹೊಂದಿಕೊಳ್ಳಲಾರದೆ ಮಾರುಕಟ್ಟೆಯಿಂದ ಮರೆಯಾದವು. ಅದೇ ವಂಶದ ಐದು ಬಾಗಿಲಿನ ಜಿಮ್ನಿ 2023ರಲ್ಲಿ ಬಂದಿದೆ. ಆದರೂ ಮೂಡಿಗೆರೆ, ಕಳಸದ ತೋಟದ ಮನೆಗಳ ಶೆಡ್‌ಗಳಲ್ಲಿ ಹಳೆಯ ಜಿಪ್ಸಿಗಳನ್ನು ಜತನದಿಂದ ಉಳಿಸಿಕೊಂಡವರಿದ್ದಾರೆ.

ಸರಕು ಬಹುಕಾಲ ಬಾಳಿದರೆ ಗ್ರಾಹಕ ಮರಳಿ ಬರುವುದಿಲ್ಲ ಎಂಬ ಚಿಂತೆಯೇ ಮಿಚಿಯೊ ಸುಜುಕಿ ಅವರನ್ನು ಮಗ್ಗದಿಂದ ಮೋಟಾರಿನತ್ತ ಕರೆದೊಯ್ದಿತ್ತು. ಅವರು ಕಟ್ಟಿದ ಕಂಪನಿಯ ವಾಹನವೂ ಅದೇ ಗುಣದಿಂದಲೇ ಈ ಬೆಟ್ಟಗಳಲ್ಲಿ ನೆಲೆ ನಿಂತಿತು. ತಾನು ಬಲ್ಲ ಕಸುಬು ಕೈಬಿಟ್ಟಾಗ ಹೊಸದನ್ನು ಕಲಿಯಲು 50 ವರ್ಷವೂ ತಡವಲ್ಲ, 65 ವರ್ಷವೂ ತಡವಲ್ಲ ಎಂಬುದನ್ನು ಆ ಬಡಗಿ ಬದುಕಿ ತೋರಿಸಿದರು. ಬೆಲೆಯ ಏರಿಳಿತ, ಅಕಾಲಿಕ ಮಳೆಗಳ ನಡುವೆ ಪ್ರತಿ ವರ್ಷ ಹೊಸ ಲೆಕ್ಕ ಹಾಕುವ ಕಾಫಿ ಸೀಮೆಗೆ ಅವರ ವಾಹನದಷ್ಟೇ ಅವರ ಬದುಕೂ ಹತ್ತಿರದ್ದು.