ಶಾಲೆ ಬಿಟ್ಟ ಹುಡುಗನ ಹೆಸರಿನಲ್ಲಿ ಸಂಗೀತ ಪಾಠ

ಸೋಲ್ ಸಂಗೀತದ ಮಾತು ಬಂದಾಗ ಮೊದಲ ಸಾಲಿನಲ್ಲೇ ಕೇಳಿಬರುವ ಹೆಸರು ಓಟಿಸ್ ರೆಡ್ಡಿಂಗ್. ಆತ ಬದುಕಿದ್ದು ಕೇವಲ 26 ವರ್ಷ. ಮೆಂಫಿಸ್ ನಗರದ ಸ್ಟ್ಯಾಕ್ಸ್ ಸಂಸ್ಥೆಗಾಗಿ ಹಾಡಿದ್ದು ಐದೇ ವರ್ಷ. ಅಷ್ಟು ಅಲ್ಪ ಅವಧಿಯಲ್ಲಿ ಅಮೆರಿಕದ ಕರಿಯ ಜನಾಂಗದ ಸಂಗೀತಕ್ಕೆ ಹೊಸ ದನಿಯನ್ನೇ ಕೊಟ್ಟು ಹೋದ.

ಗಾಯಕನಾಗಿ ರೆಡ್ಡಿಂಗ್ ಎಷ್ಟು ಪ್ರಸಿದ್ಧನೋ, ಆತನ ಇನ್ನೊಂದು ಆಸೆ ಅಷ್ಟೇ ಅಪ್ರಸಿದ್ಧ. ಹತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ ಈ ಗಾಯಕ, ಹಣ ಕೈಗೆ ಬಂದ ಮೇಲೆ ಬಡಮಕ್ಕಳಿಗಾಗಿ ಬೇಸಿಗೆ ಶಿಬಿರ ನಡೆಸುವ ಯೋಜನೆ ಹಾಕಿಕೊಂಡಿದ್ದ. ಅದು ಕೈಗೂಡುವ ಮೊದಲೇ ಸಾವು ಬಂತು. ಸುಮಾರು ನಾಲ್ಕು ದಶಕಗಳ ನಂತರ ಆ ಆಸೆಗೆ ಮರುಜೀವ ಸಿಕ್ಕಿತು. ಅದಕ್ಕೆ ನೀರೆರೆದದ್ದರಲ್ಲಿ ಆತನದೇ ಹಾಡುಗಳ ಸಹಾಯಾರ್ಥ ಕಛೇರಿಗಳೂ ಸೇರಿವೆ.

ಭಾನುವಾರದ ಆರು ಡಾಲರ್

ರೆಡ್ಡಿಂಗ್ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಜಾರ್ಜಿಯಾ ರಾಜ್ಯದ ಡಾಸನ್ ಎಂಬ ಊರಿನಲ್ಲಿ. ತಂದೆ ಪಾಲಿಗೆ ಉಳುವ ರೈತ. ಓಟಿಸ್ ಇನ್ನೂ ಅಂಬೆಗಾಲಿಡುವ ವಯಸ್ಸು ದಾಟುತ್ತಿದ್ದಾಗ ಕುಟುಂಬ ಮೇಕನ್ ನಗರಕ್ಕೆ ಬಂದು, ಟಿಂಡಲ್ ಹೈಟ್ಸ್ ಎಂಬ ಸರ್ಕಾರಿ ವಸತಿ ಬಡಾವಣೆಯಲ್ಲಿ ನೆಲೆಸಿತು. ತಂದೆಗೆ ಸಮೀಪದ ವಾಯುಪಡೆ ನೆಲೆಯಲ್ಲಿ ಕೆಲಸ ಸಿಕ್ಕಿತು. ಬಿಡುವಿನಲ್ಲಿ ಅವರು ಚರ್ಚುಗಳಲ್ಲಿ ಪ್ರವಚನವನ್ನೂ ಮಾಡುತ್ತಿದ್ದರು.

ಮಗನಿಗೆ ಮೊದಲ ಸಂಗೀತ ಶಾಲೆಯಾದದ್ದು ವೈನ್‌ವಿಲ್ ಬ್ಯಾಪ್ಟಿಸ್ಟ್ ಚರ್ಚಿನ ಗಾಯನವೃಂದ. ಸೋಲ್ ಸಂಗೀತದ ಬೇರು ಇರುವುದೂ ಇಂಥ ಚರ್ಚುಗಳಲ್ಲಿಯೇ. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಮೇಳದವರು ಎತ್ತಿಕೊಳ್ಳುವಂತೆ, ಅಲ್ಲಿಯೂ ಮುಖ್ಯ ಗಾಯಕನ ಕರೆಗೆ ವೃಂದ ಉತ್ತರ ಕೊಡುತ್ತದೆ. ದೇವರನ್ನು ಕುರಿತ ಆ ಆರ್ತತೆಯನ್ನೇ ಪ್ರೀತಿ, ವಿರಹಗಳ ಲೌಕಿಕ ಹಾಡಿಗೆ ತಂದಾಗ, ಅದಕ್ಕೆ ರಿದಮ್ ಅಂಡ್ ಬ್ಲೂಸ್‌ನ ಲಯ ಬೆರೆತಾಗ ಸೋಲ್ ಹುಟ್ಟಿತು.

ಓಟಿಸ್ ಗಿಟಾರ್, ಪಿಯಾನೊ ನುಡಿಸಲು ಕಲಿತ. ಹತ್ತನೇ ವಯಸ್ಸಿನಿಂದ ಡ್ರಮ್ ಮತ್ತು ಗಾಯನದ ಪಾಠ ಹೇಳಿಸಿಕೊಂಡ. ಪ್ರೌಢಶಾಲೆಯಲ್ಲಿದ್ದಾಗ ಸ್ಥಳೀಯ ಆಕಾಶವಾಣಿ ಕೇಂದ್ರದಲ್ಲಿ ಭಾನುವಾರಗಳಂದು ಭಕ್ತಿಗೀತೆ ಹಾಡಿ 6 ಡಾಲರ್ ಸಂಪಾದಿಸುತ್ತಿದ್ದ.

ಅಷ್ಟರಲ್ಲಿ ತಂದೆಗೆ ಕ್ಷಯರೋಗ ತಗುಲಿತು. ಸಂಸಾರದ ಭಾರ ಹೊರಲು ಹದಿನೈದರ ಹುಡುಗ ಶಾಲೆಗೆ ವಿದಾಯ ಹೇಳಿದ. ಬಾವಿ ತೋಡಿದ, ಪೆಟ್ರೋಲ್ ಬಂಕಿನಲ್ಲಿ ದುಡಿದ, ಸಿಕ್ಕ ಕಡೆ ಹಾಡಿದ. ಅದೇ ಊರಿನವನಾದ ಲಿಟಲ್ ರಿಚರ್ಡ್ ಆತನ ಆದರ್ಶ. ರಿಚರ್ಡ್‌ನ ಹಿಂದಿನ ವಾದ್ಯತಂಡದ ಜೊತೆಗೆ ಕೆಲಕಾಲ ತಿರುಗಾಡಿದ್ದೂ ಉಂಟು. ಮೇಕನ್‌ನ ಡಗ್ಲಾಸ್ ಥಿಯೇಟರಿನಲ್ಲಿ ಹದಿಹರೆಯದವರಿಗಾಗಿ ನಡೆಯುತ್ತಿದ್ದ ಗಾಯನ ಸ್ಪರ್ಧೆಯಲ್ಲಿ ಸತತ 15 ವಾರ ಗೆದ್ದು, ಪ್ರತಿ ಬಾರಿಯೂ 5 ಡಾಲರ್ ಬಹುಮಾನ ಪಡೆದ. ಮನೆಯ ಖರ್ಚಿಗೆ ಅದೂ ಒಂದು ಆಸರೆ.

ಚಾಲಕನಾಗಿ ಹೋದವನು

1962ರಲ್ಲಿ ಗಿಟಾರ್ ವಾದಕ ಜಾನಿ ಜೆಂಕಿನ್ಸ್‌ಗೆ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೊದಲ್ಲಿ ಧ್ವನಿಮುದ್ರಣದ ಅವಕಾಶ ಒದಗಿತು. ಜೆಂಕಿನ್ಸ್‌ಗೆ ಕಾರು ಓಡಿಸಲು ಬಾರದು. ಮೇಕನ್‌ನಿಂದ ಆತನನ್ನು ಕರೆದೊಯ್ದ ಚಾಲಕ ಓಟಿಸ್ ರೆಡ್ಡಿಂಗ್. ಜೆಂಕಿನ್ಸ್‌ನ ಧ್ವನಿಮುದ್ರಣ ಸರಿಹೋಗಲಿಲ್ಲ. ಉಳಿದ ಸ್ವಲ್ಪ ಸಮಯದಲ್ಲಿ ಚಾಲಕನಿಗೆ ಹಾಡುವ ಅವಕಾಶ ಸಿಕ್ಕಿತು. ಹಾಡಿದ್ದು ತಾನೇ ಬರೆದ ‘ದೀಸ್ ಆರ್ಮ್ಸ್ ಆಫ್ ಮೈನ್’. ಅದು ಲಕ್ಷಾಂತರ ಪ್ರತಿಗಳು ಮಾರಾಟವಾಗಿ ಆತನ ಬದುಕಿನ ದಿಕ್ಕನ್ನು ಬದಲಿಸಿತು.

ಸ್ಟ್ಯಾಕ್ಸ್ ಸಂಸ್ಥೆಯ ಬಗ್ಗೆ ಇಲ್ಲಿ ಎರಡು ಮಾತು ಅಗತ್ಯ. ಬಿಳಿಯರಾದ ಜಿಮ್ ಸ್ಟೀವರ್ಟ್ ಮತ್ತು ಆತನ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಮ್ಯಾಕ್ಲೆಮೋರ್ ರಸ್ತೆಯ ಹಳೆಯ ಚಿತ್ರಮಂದಿರವೊಂದನ್ನು ಸ್ಟುಡಿಯೊ ಆಗಿ ಮಾರ್ಪಡಿಸಿದ್ದರು. ಇಬ್ಬರ ಅಡ್ಡಹೆಸರುಗಳ ಮೊದಲಕ್ಷರಗಳು ಕೂಡಿ ಸ್ಟ್ಯಾಕ್ಸ್ ಆಯಿತು. ಚಿತ್ರಮಂದಿರದ ತಿಂಡಿ ಅಂಗಡಿ ಇದ್ದ ಜಾಗದಲ್ಲಿ ಎಸ್ಟೆಲ್ ಗ್ರಾಮಫೋನ್ ತಟ್ಟೆಗಳ ಮಳಿಗೆ ತೆರೆದರು. ಸುತ್ತಲಿನ ಕರಿಯರ ಬಡಾವಣೆಯ ಹುಡುಗರು ಅಲ್ಲಿ ಗಂಟೆಗಟ್ಟಲೆ ನಿಂತು ಹೊಸ ಹಾಡು ಕೇಳುತ್ತಿದ್ದರು. ಹೀಗೆ ಬರುತ್ತಿದ್ದವರಲ್ಲಿ ಒಬ್ಬ ಮುಂದೆ ಹೆಸರಾಂತ ವಾದಕನಾದ ಬುಕರ್ ಟಿ. ಜೋನ್ಸ್. ಮಳಿಗೆಯಲ್ಲಿ ಕೆಲಸ ಮಾಡುತ್ತಿದ್ದ ಬಿಳಿಯ ಯುವಕ ಸ್ಟೀವ್ ಕ್ರಾಪರ್ ಅದೇ ತಂಡದ ಗಿಟಾರ್ ವಾದಕನಾದ. ಕರಿಯರು, ಬಿಳಿಯರು ಒಂದೇ ಮೇಜಿನಲ್ಲಿ ಕುಳಿತು ಊಟ ಮಾಡುವುದು ಅಪರೂಪವಾಗಿದ್ದ ನಗರದಲ್ಲಿ ಈ ಸ್ಟುಡಿಯೊದೊಳಗೆ ಅವರು ಒಟ್ಟಾಗಿ ನುಡಿಸಿದರು.

ರೆಡ್ಡಿಂಗ್‌ನ ಕೆಲಸದ ಕ್ರಮವೂ ವಿಶಿಷ್ಟ. ಕಹಳೆ, ಸ್ಯಾಕ್ಸೊಫೋನ್ ವಾದಕರಿಗೆ ಅವರ ಭಾಗವನ್ನು ಕಾಗದದ ಮೇಲೆ ಬರೆದುಕೊಡುತ್ತಿರಲಿಲ್ಲ. ಬಾಯಲ್ಲೇ ಗುನುಗಿ ತೋರಿಸುತ್ತಿದ್ದ. 1965ರ ಜುಲೈನಲ್ಲಿ ‘ಓಟಿಸ್ ಬ್ಲೂ’ ಎಂಬ ಆಲ್ಬಂನ ಬಹುಪಾಲು ಹಾಡುಗಳು ಒಂದು ಹಗಲು ಒಂದು ರಾತ್ರಿಯಲ್ಲಿ ಮುದ್ರಣಗೊಂಡವು. ಅದರಲ್ಲಿದ್ದ ‘ರೆಸ್ಪೆಕ್ಟ್’ ರೆಡ್ಡಿಂಗ್‌ನದೇ ರಚನೆ. 1967ರಲ್ಲಿ ಅರೀತಾ ಫ್ರಾಂಕ್ಲಿನ್ ಅದನ್ನು ಹೆಣ್ಣಿನ ದನಿಯಲ್ಲಿ ಹಾಡಿದಾಗ ಅದು ಮಹಿಳೆಯರ ಮತ್ತು ಕರಿಯರ ಆತ್ಮಗೌರವದ ಗೀತೆಯೇ ಆಗಿಬಿಟ್ಟಿತು.

ಸಂಭಾವನೆ ಇಲ್ಲದ ಇರುಳು

ಹಣದ ವಿಷಯದಲ್ಲಿ ರೆಡ್ಡಿಂಗ್ ಎಚ್ಚರದ ಮನುಷ್ಯ. ವ್ಯವಸ್ಥಾಪಕ ಫಿಲ್ ವಾಲ್ಡನ್ ಜೊತೆ ಸೇರಿ ಹಾಡುಗಳ ಹಕ್ಕುಗಳನ್ನು ನೋಡಿಕೊಳ್ಳುವ ಸ್ವಂತ ಸಂಸ್ಥೆ ಕಟ್ಟಿದ. ಮೇಕನ್‌ಗೆ ಸಮೀಪದ ರೌಂಡ್ ಓಕ್‌ನಲ್ಲಿ ಸುಮಾರು 300 ಎಕರೆ ಜಮೀನು ಕೊಂಡು ಹೆಂಡತಿ ಜೆಲ್ಮಾ ಮತ್ತು ಮಕ್ಕಳೊಂದಿಗೆ ಅಲ್ಲಿ ನೆಲೆಸಿದ. ಗಳಿಕೆಯ ಒಂದು ಪಾಲು ಕರಿಯ ವಿದ್ಯಾರ್ಥಿಗಳ ಓದಿಗೆ ನೆರವಾಗಿ ಹೋಗುತ್ತಿತ್ತು. ಮಕ್ಕಳ ಬೇಸಿಗೆ ಶಿಬಿರದ ಯೋಜನೆ ರೂಪುಗೊಂಡದ್ದು ಈ ದಿನಗಳಲ್ಲಿಯೇ.

1967ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಮೂರು ದಿನಗಳ ಪಾಪ್ ಸಂಗೀತೋತ್ಸವ ಏರ್ಪಾಡಾಯಿತು. ಅದರ ಆದಾಯ ದತ್ತಿಕಾರ್ಯಕ್ಕೆಂದು ಮೀಸಲು. ಕಲಾವಿದರು ಸಂಭಾವನೆ ಪಡೆಯದೆ ಹಾಡಿದರು. ಇದಕ್ಕೆ ಅಪವಾದ ಭಾರತದ ಸಿತಾರ್ ಮಾಂತ್ರಿಕ ಪಂಡಿತ್ ರವಿಶಂಕರ್. ಅವರಿಗೆ 3,000 ಡಾಲರ್ ಸಂದಿತು. ರವಿಶಂಕರ್ ನುಡಿಸಿದ ಭಾನುವಾರದ ಹಿಂದಿನ ರಾತ್ರಿಯ ಕೊನೆಯ ಕಲಾವಿದ ರೆಡ್ಡಿಂಗ್.

ನೆರೆದಿದ್ದ ಸಭಿಕರಲ್ಲಿ ಬಹುಪಾಲು ಬಿಳಿಯ ಯುವಜನ. ಅವರಲ್ಲಿ ಅನೇಕರಿಗೆ ಈತನ ಹೆಸರೂ ಹೊಸದು. ತಡರಾತ್ರಿ ವೇದಿಕೆ ಏರಿದ ರೆಡ್ಡಿಂಗ್ ಹಾಡಿದ್ದು ಐದೇ ಹಾಡು. ಮುಗಿಯುವ ಹೊತ್ತಿಗೆ ಸಭೆ ಎದ್ದು ನಿಂತಿತ್ತು. ಚರ್ಚಿನ ಗಾಯನವೃಂದದಲ್ಲಿ ಹುಟ್ಟಿದ ಸಂಗೀತ ಒಂದು ದತ್ತಿ ಕಾರ್ಯಕ್ರಮದ ವೇದಿಕೆಯಿಂದ ಹೊಸ ಶ್ರೋತೃಗಳನ್ನು ಗೆದ್ದುಕೊಂಡಿತು.

ಸರೋವರದಲ್ಲಿ ಮುಳುಗಿದ ವಿಮಾನ

ಅದೇ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಿಂದಾಗಿ ಕೆಲವು ವಾರ ಮೌನ ಅನಿವಾರ್ಯವಾಯಿತು. ಚೇತರಿಸಿಕೊಂಡ ಮೇಲೆ ಕ್ರಾಪರ್ ಜೊತೆಗೂಡಿ ‘ದ ಡಾಕ್ ಆಫ್ ದ ಬೇ’ ಗೀತೆಯನ್ನು ಪೂರ್ಣಗೊಳಿಸಿದ. ಅದರ ಆರಂಭದ ಸಾಲುಗಳು ಹುಟ್ಟಿದ್ದು ಸ್ಯಾನ್‌ಫ್ರಾನ್ಸಿಸ್ಕೊ ಬಳಿಯ ಸಾಸಲಿಟೊದ ದೋಣಿಮನೆಯೊಂದರಲ್ಲಿ. ಕೊನೆಯಲ್ಲಿ ಆತ ಹಾಕಿದ ಸಿಳ್ಳೆ ಇಂದಿಗೂ ಜಗತ್ತಿನ ಕಿವಿಯಲ್ಲಿದೆ.

ಧ್ವನಿಮುದ್ರಣ ಮುಗಿದು ಕೆಲವೇ ದಿನಗಳಾಗಿದ್ದವು. 1967ರ ಡಿಸೆಂಬರ್ 10ರಂದು ಕ್ಲೀವ್‌ಲ್ಯಾಂಡ್‌ನಿಂದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಹೊರಟಿದ್ದ ಆತನ ಸಣ್ಣ ವಿಮಾನ, ನಿಲ್ದಾಣಕ್ಕೆ ಇನ್ನು ಕೆಲವೇ ಮೈಲಿ ಇರುವಾಗ ಮೊನೋನಾ ಸರೋವರದ ಕೊರೆಯುವ ನೀರಿಗೆ ಬಿತ್ತು. ಏಳು ಮಂದಿ ಸತ್ತರು. ಅವರಲ್ಲಿ ನಾಲ್ವರು ‘ಬಾರ್-ಕೇಸ್’ ತಂಡದ ವಾದಕರು. ಸ್ಟ್ಯಾಕ್ಸ್‌ನಲ್ಲಿ ಹಿರಿಯರನ್ನು ನೋಡಿ ಕಲಿತು ಬೆಳೆದ, ಇಪ್ಪತ್ತು ದಾಟದ ಹುಡುಗರು. ಬದುಕುಳಿದವನು ಕಹಳೆ ವಾದಕ ಬೆನ್ ಕಾಲಿ ಒಬ್ಬನೇ.

ಮೇಕನ್‌ನ ಪುರಭವನದಲ್ಲಿ ನಡೆದ ಅಂತಿಮ ದರ್ಶನಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸೇರಿದರು. ದೇಹವನ್ನು ರೌಂಡ್ ಓಕ್‌ನ ಸ್ವಂತ ನೆಲದಲ್ಲಿ ಮಣ್ಣು ಮಾಡಲಾಯಿತು. 1968ರ ಜನವರಿಯಲ್ಲಿ ಬಿಡುಗಡೆಯಾದ ‘ಡಾಕ್ ಆಫ್ ದ ಬೇ’ ಮಾರ್ಚ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಅಗ್ರಸ್ಥಾನಕ್ಕೇರಿತು. ಗಾಯಕನ ಮರಣಾನಂತರ ಆ ಸ್ಥಾನ ಪಡೆದ ಮೊದಲ ಹಾಡು ಅದು.

ಬಿಟ್ಟುಹೋದ ಕೆಲಸ

26ರ ಹರೆಯದಲ್ಲಿ ಅಳಿದ ರೆಡ್ಡಿಂಗ್‌ನ ಬೇಸಿಗೆ ಶಿಬಿರದ ಯೋಜನೆ ಅಲ್ಲಿಗೆ ನಿಂತಿತು. ಸ್ಟ್ಯಾಕ್ಸ್ ಸಂಸ್ಥೆಯೂ ಸಾಲದಲ್ಲಿ ಮುಳುಗಿ 1975ರಲ್ಲಿ ದಿವಾಳಿಯಾಯಿತು. 1989ರಲ್ಲಿ ಸ್ಟುಡಿಯೊ ಕಟ್ಟಡವನ್ನು ನೆಲಸಮ ಮಾಡಲಾಯಿತು. ಮ್ಯಾಕ್ಲೆಮೋರ್ ರಸ್ತೆಯಲ್ಲಿ ಉಳಿದದ್ದು ಬರಿಯ ಖಾಲಿ ನಿವೇಶನ.

ಆದರೆ ಎರಡೂ ಊರುಗಳಲ್ಲಿ ಕಥೆ ಮುಂದುವರಿಯಿತು. ಮೆಂಫಿಸ್‌ನಲ್ಲಿ ಹಳೆಯ ಸ್ಟುಡಿಯೊ ಇದ್ದ ಬಡಾವಣೆಯ ಮಕ್ಕಳಿಗಾಗಿ 2000ದಲ್ಲಿ ಸ್ಟ್ಯಾಕ್ಸ್ ಮ್ಯೂಸಿಕ್ ಅಕಾಡೆಮಿ ಆರಂಭವಾಯಿತು. 2003ರಲ್ಲಿ ಸ್ಟುಡಿಯೊದ ನಿವೇಶನದಲ್ಲೇ ಸೋಲ್ ಸಂಗೀತದ ವಸ್ತುಸಂಗ್ರಹಾಲಯ ತೆರೆಯಿತು. ಎಸ್ಟೆಲ್ ಅವರ ಮಳಿಗೆಯಲ್ಲಿ ಹುಡುಗರು ನಿಂತುಕೊಂಡೇ ಕಲಿತದ್ದನ್ನು ಅಕಾಡೆಮಿಯ ಮಕ್ಕಳು ಈಗ ಕ್ರಮಬದ್ಧವಾಗಿ ಕಲಿಯುತ್ತಾರೆ.

ಮೇಕನ್‌ನಲ್ಲಿ ಹೊಣೆ ಹೊತ್ತವರು ಜೆಲ್ಮಾ ರೆಡ್ಡಿಂಗ್. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಅವರು ಮಕ್ಕಳನ್ನು ಬೆಳೆಸಿದರು. ಗಂಡನ ಹಾಡುಗಳ ವ್ಯವಹಾರವನ್ನು ನೋಡಿಕೊಂಡರು. 2007ರಲ್ಲಿ ಓಟಿಸ್ ರೆಡ್ಡಿಂಗ್ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಸಂಗೀತ ಶಿಕ್ಷಣದ ಮೂಲಕ ಮಕ್ಕಳಿಗೆ ಧೈರ್ಯ, ಅವಕಾಶ ಕೊಡುವುದು ಅದರ ಗುರಿ. ಪ್ರತಿಷ್ಠಾನದ ಬೇಸಿಗೆ ಸಂಗೀತ ಶಿಬಿರಗಳಲ್ಲಿ ಮಕ್ಕಳು ಹಾಡು ಕಟ್ಟುವುದು, ವಾದ್ಯ ನುಡಿಸುವುದು, ಧ್ವನಿಮುದ್ರಣ ಮಾಡುವುದು ಮಾತ್ರವಲ್ಲ, ಸಂಗೀತ ವ್ಯವಹಾರದ ಪಾಠವನ್ನೂ ಕಲಿಯುತ್ತಾರೆ. ಹಾಡಿನ ಹಕ್ಕು ಯಾರದು ಎಂಬ ಪ್ರಶ್ನೆಯ ಮಹತ್ವವನ್ನು ರೆಡ್ಡಿಂಗ್ ಚೆನ್ನಾಗಿ ಅರಿತಿದ್ದ.

ಇಂಥ ಕೆಲಸಕ್ಕೆ ಹಣ ಬೇಕು. ಅದಕ್ಕೆ ಪ್ರತಿಷ್ಠಾನ ಹಿಡಿದ ದಾರಿಗಳಲ್ಲಿ ಸಹಾಯಾರ್ಥ ಕಛೇರಿಯೂ ಒಂದು. ‘ರೆಸ್ಪೆಕ್ಟ್’ ಹಾಡಿನ ಹೆಸರನ್ನೇ ಹೊತ್ತ ಸಂಗೀತ ಸಂಜೆ ಮೇಕನ್‌ನಲ್ಲಿ ನಡೆಯಿತು. 2018ರ ಜನವರಿಯಲ್ಲಿ, ‘ಡಾಕ್ ಆಫ್ ದ ಬೇ’ ಬಿಡುಗಡೆಗೊಂಡು 50 ವರ್ಷವಾದಾಗ, ನ್ಯೂಯಾರ್ಕ್‌ನ ಹಾರ್ಲೆಮ್ ಬಡಾವಣೆಯ ಪ್ರಸಿದ್ಧ ಅಪೊಲೊ ರಂಗಮಂದಿರದಲ್ಲಿ ಪ್ರತಿಷ್ಠಾನದ ನೆರವಿಗಾಗಿ ಕಲಾವಿದರು ಆತನ ಹಾಡುಗಳನ್ನು ಹಾಡಿದರು.

ಕಾಯಿಲೆಯ ತಂದೆ, ಬರಿದಾದ ಅಡುಗೆಮನೆ ಮೇಕನ್‌ನ ಒಬ್ಬ ಹುಡುಗನನ್ನು ತರಗತಿಯಿಂದ ಹೊರಗೆಳೆದಿದ್ದವು. ಪಾಠ ಹೇಳಿಸಿಕೊಳ್ಳಲು ಹಣವಿಲ್ಲದ ಮಕ್ಕಳು ಆ ಊರಿನಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಕೆಲವರ ಕೈಗಾದರೂ ಓಟಿಸ್ ರೆಡ್ಡಿಂಗ್ ಹೆಸರಿನಲ್ಲಿ ಗಿಟಾರ್ ಸಿಗುತ್ತಿದೆ, ಕಲಿಸಲು ಗುರುಗಳೂ ಇದ್ದಾರೆ.