ಎರಡನೆಯ ಆಸನದ ಸರದಾರರು

ಭಾರತದ ಸಂವಿಧಾನವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಉಪಪ್ರಧಾನಿಯೆಂಬ ಹುದ್ದೆ ನಮಗೆ ಕಾಣಸಿಗುವುದಿಲ್ಲ. ಆ ಹೆಸರನ್ನು ಹೊತ್ತವರು ಕಾನೂನಿನ ದೃಷ್ಟಿಯಲ್ಲಿ ಉಳಿದವರಂತೆ ಒಬ್ಬ ಸಚಿವರು, ಅಷ್ಟೆ. ಹಾಗಿದ್ದರೂ 1947ರ ಆಗಸ್ಟ್ 15ರಂದು ಆ ಸ್ಥಾನವನ್ನು ಮೊತ್ತಮೊದಲು ವಹಿಸಿಕೊಂಡ ವಲ್ಲಭಭಾಯಿ ಪಟೇಲರು ಅದಕ್ಕೆ ತಂದುಕೊಟ್ಟ ತೂಕವನ್ನು ದೇಶವು ಮರೆತಿಲ್ಲ.

ಗುಜರಾತಿನ ಒಕ್ಕಲು ಮನೆತನದಲ್ಲಿ 1875ರಲ್ಲಿ ಜನಿಸಿದ ಅವರು ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದುದು 22ನೆಯ ವಯಸ್ಸಿನಲ್ಲಿ. ವಕೀಲಿಯಿಂದ ಹಣ ಕೂಡಿಸಿ, ಬ್ಯಾರಿಸ್ಟರಾಗಲು ವಿಲಾಯತಿಗೆ ಹೊರಡುವ ಏರ್ಪಾಡು ಮಾಡಿಕೊಂಡರು. ವಿ. ಜೆ. ಪಟೇಲ್ ಎಂಬ ಹೆಸರಿಗೆ ಬಂದ ಪ್ರಯಾಣದ ಪತ್ರಗಳು ಅಣ್ಣ ವಿಠ್ಠಲಭಾಯಿಯವರ ಕೈ ಸೇರಿದವು. ಅವರ ಹೆಸರಿನ ಮೊದಲಕ್ಷರಗಳೂ ಅವೇ. ಹಿರಿಯನಾದ ತಾನು ಮೊದಲು ಹೋಗುವೆನೆಂದು ಅಣ್ಣ ಕೇಳಿದಾಗ, ವಲ್ಲಭಭಾಯಿಯವರು ಒಪ್ಪಿದುದಲ್ಲದೆ ಖರ್ಚಿನ ಭಾರವನ್ನೂ ಹೊತ್ತರು. ಅವರ ಸರದಿ ಬಂದುದು 1910ರಲ್ಲಿ.

ಇಂಥದೇ ಪರೀಕ್ಷೆ 1946ರಲ್ಲಿ ಮತ್ತೆ ಎದುರಾಯಿತು. ಅಂದಿನ ಕಾಂಗ್ರೆಸ್ ಅಧ್ಯಕ್ಷರೇ ಮುಂದೆ ಸರಕಾರದ ಮುಖ್ಯಸ್ಥರಾಗುವ ಸಂಭವವಿತ್ತು. ಬಹುಪಾಲು ಪ್ರಾಂತೀಯ ಸಮಿತಿಗಳು ಪಟೇಲರನ್ನೇ ಸೂಚಿಸಿದ್ದವು. ಗಾಂಧೀಜಿಯವರ ಒಲವು ಜವಾಹರಲಾಲ ನೆಹರೂ ಅವರತ್ತ ಇದ್ದುದನ್ನರಿತು ಪಟೇಲರು ಹಿಂದೆ ಸರಿದರು.

ಆದರೆ ಎರಡನೆಯ ಆಸನದಲ್ಲಿ ಅವರು ಕೈಕಟ್ಟಿ ಕೂಡಲಿಲ್ಲ. ಗೃಹ ಹಾಗೂ ಸಂಸ್ಥಾನ ಖಾತೆಗಳನ್ನು ಹಿಡಿದು, ವಿ. ಪಿ. ಮೆನನ್ನರ ನೆರವಿನಿಂದ 500ಕ್ಕೂ ಮಿಕ್ಕ ಸಂಸ್ಥಾನಗಳನ್ನು ಭಾರತದಲ್ಲಿ ಸೇರಿಸಿದರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ನಿಜಾಮರ ಆಳ್ವಿಕೆ ಕೊನೆಗೊಂಡಾಗ ಬೀದರ, ಗುಲಬರ್ಗಾ, ರಾಯಚೂರುಗಳ ಕನ್ನಡಿಗರೂ ಸ್ವತಂತ್ರ ಭಾರತದ ಪ್ರಜೆಗಳಾದರು.

ಇಬ್ಬರು ನಾಯಕರ ನಡುವೆ ವಿರಸವೂ ಇತ್ತು. ಸಚಿವರ ಖಾತೆಯಲ್ಲಿ ಪ್ರಧಾನಿಯು ಎಷ್ಟರಮಟ್ಟಿಗೆ ಕೈಹಾಕಬಹುದೆಂಬ ಪ್ರಶ್ನೆ ಎದ್ದು, ಇಬ್ಬರೂ ಅಧಿಕಾರ ಬಿಡಲು ಸಿದ್ಧರಾಗಿದ್ದರು. 1948ರ ಜನವರಿ 30ರ ಸಂಜೆ ಪಟೇಲರು ಗಾಂಧೀಜಿಯವರೊಡನೆ ಮಾತನಾಡಿ ಹೊರಟ ಸ್ವಲ್ಪ ಹೊತ್ತಿನಲ್ಲೇ ಆ ಮಹಾತ್ಮರ ಹತ್ಯೆಯಾಯಿತು. ಆ ದುಃಖವು ಇಬ್ಬರನ್ನೂ ಒಂದುಗೂಡಿಸಿತು. ಪಟೇಲರು ರಾಜೀನಾಮೆಯ ವಿಚಾರವನ್ನು ಬಿಟ್ಟರು. ಅದೇ ಮಾರ್ಚಿಯಲ್ಲಿ ಹೃದಯಾಘಾತವಾದರೂ ಕೆಲಸ ಬಿಡಲಿಲ್ಲ. ನೆಹರೂ ಅವರು ಪರದೇಶಕ್ಕೆ ಹೋದಾಗ ಸರಕಾರವನ್ನು ನಡೆಸಿ, ಬಂದೊಡನೆ ಒಪ್ಪಿಸಿಕೊಟ್ಟರು.

1950ರ ಡಿಸೆಂಬರ್ 15ರಂದು ನಮ್ಮ ಈ ಮುಂಬಯಿಯಲ್ಲೇ ಅವರು ಕೊನೆಯುಸಿರೆಳೆದರು. ಆಮೇಲೆ 1967ರಲ್ಲಿ ಮೊರಾರ್ಜಿ ದೇಸಾಯಿಯವರು ಬರುವವರೆಗೂ ಆ ಸ್ಥಾನ ಬರಿದಾಗಿಯೇ ಇತ್ತು.

ಹೋಟೆಲಿನಲ್ಲಾಗಲಿ ಕಚೇರಿಯಲ್ಲಾಗಲಿ ನಮ್ಮಲ್ಲಿ ಹೆಚ್ಚಿನವರು ಇನ್ನೊಬ್ಬರ ಕೈಕೆಳಗೆ ದುಡಿಯುವವರೇ. ಗಲ್ಲೆಯ ಮೇಲೆ ಯಾರು ಕುಳಿತಿದ್ದಾರೆಂಬುದು ಬೀದಿಗೆ ಕಾಣುತ್ತದೆ. ಒಳಗೆ ಒಲೆ ಆರದಂತೆ ನೋಡಿಕೊಂಡವರು ಕಾಣುವುದಿಲ್ಲ. ಪದವಿಯ ಹೆಸರು ಕಾನೂನಿನಲ್ಲಿಲ್ಲದಿದ್ದರೂ ಮಾಡಿದ ಕೆಲಸವು ದೇಶದ ಭೂಪಟದಲ್ಲೇ ಉಳಿದೀತೆಂಬುದಕ್ಕೆ ಸರದಾರರ ಬಾಳೇ ನಮಗೆ ಸಾಕ್ಷಿ.