ಸಗಣಿ, ಕುಂಕುಮ, ಕೂದಲ ಹಗ್ಗ

ಮಕ್ಕಳೇ, ಈ ಸಲದ ಸಂಚಿಕೆಗೆ ಒಬ್ಬ ಕಲಾವಿದರ ಬಗ್ಗೆ ಬರೆದುಕೊಡಿ ಎಂದು ಕನ್ನಡ ಕೂಟದವರು ಕೇಳಿದಾಗ, ನಾನು ರವಿವರ್ಮನ ಲಕ್ಷ್ಮಿಯ ಬಗ್ಗೆಯೋ ಚಿನ್ನದ ರೇಕು ಹಚ್ಚಿದ ಮೈಸೂರು ಚಿತ್ರಗಳ ಬಗ್ಗೆಯೋ ಬರೆಯುತ್ತೇನೆಂದು ಅವರು ಎಣಿಸಿರಬೇಕು. ಅವು ಹೇಗೂ ನಿಮ್ಮ ಮನೆಯ ದೇವರ ಕೋಣೆಯಲ್ಲೇ ಇವೆ. ನಾನು ಆರಿಸಿಕೊಂಡದ್ದು ಶೀಲಾ ಗೌಡ ಅವರನ್ನು. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದವರು, ಈಗಲೂ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವವರು. ವೆನಿಸ್, ಕಾಸೆಲ್, ಲಂಡನ್, ಮಿಲಾನ್ ನಗರಗಳ ಕಲಾಪ್ರಿಯರಿಗೆ ಚೆನ್ನಾಗಿ ಗೊತ್ತಿರುವ ಈ ಹೆಸರು ನಮ್ಮ ಕನ್ನಡದ ಮನೆಗಳಲ್ಲಿ ಕೇಳಿಬರುವುದು ಬಲು ಅಪರೂಪ.

ಮೊದಲು ಅವರ ಒಂದು ಕೃತಿಯನ್ನು ನೋಡೋಣ. ಅದರ ಹೆಸರು ‘ಬಿಹೋಲ್ಡ್’. 2009ರ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಕಲಾಪ್ರದರ್ಶನಕ್ಕಾಗಿ ಮಾಡಿದ್ದು, ಈಗ ಬ್ರಿಟನ್ನಿನ ಟೇಟ್ ಕಲಾಸಂಸ್ಥೆಯ ಸಂಗ್ರಹದಲ್ಲಿದೆ. ದೊಡ್ಡ ಕೋಣೆ. ಗೋಡೆಯ ತುಂಬ ಕಪ್ಪು ಹಗ್ಗ. ಎಲ್ಲೋ ಸಿಂಬಿ ಸುತ್ತಿಕೊಂಡು, ಎಲ್ಲೋ ಜೋತುಬಿದ್ದು, ನೆಲದ ಮೇಲೆ ರಾಶಿ ರಾಶಿಯಾಗಿ ಬಿದ್ದಿದೆ. ಆ ಹಗ್ಗಗಳ ನಡುವೆ ಪಳಪಳ ಹೊಳೆಯುವ ಸ್ಟೀಲಿನ ಕಾರ್ ಬಂಪರುಗಳು, ಸುಮಾರು 20. ಅಷ್ಟು ಭಾರದ ಬಂಪರುಗಳನ್ನು ಗೋಡೆಯ ಮೇಲೆ ಎತ್ತಿ ಹಿಡಿದಿರುವುದು ಆ ಹಗ್ಗಗಳೇ. ಹತ್ತಿರ ಹೋಗಿ ನೋಡಿದರೆ ಅದು ನೂಲಲ್ಲ, ನಾರಲ್ಲ, ಮನುಷ್ಯರ ಕೂದಲು! ಒಟ್ಟು ಉದ್ದ ಸುಮಾರು 4 ಕಿಲೋಮೀಟರ್.

ಇಲ್ಲಿಗೆ ಬಂದ ಬೇರೆಯವರು ಮುಖ ಸಿಂಡರಿಸಿ ಪಕ್ಕದ ಫಲಕದತ್ತ ನಡೆಯುತ್ತಾರೆ. ನಿಮಗೆ ಫಲಕ ಓದುವ ಅವಸರವಿಲ್ಲ. ಊರಿಗೆ ಹೋದಾಗ ಲಾರಿಯ ಮುಂದೆ, ಆಟೋದ ಹಿಂದೆ ಏನೇನು ಕಟ್ಟಿರುತ್ತಾರೆ, ನೆನಪಿಸಿಕೊಳ್ಳಿ. ನಿಂಬೆಹಣ್ಣು, ಮೆಣಸಿನಕಾಯಿ, ಹಳೇ ಚಪ್ಪಲಿ. ಹೀಗೆಯೇ ಕೂದಲಿನಲ್ಲಿ ಹೊಸೆದ ಕಪ್ಪು ಹಗ್ಗವನ್ನೂ ಬಂಪರಿಗೆ ಕಟ್ಟುವುದುಂಟು, ದೃಷ್ಟಿ ತಾಗದಿರಲಿ, ಅಪಘಾತ ಆಗದಿರಲಿ ಎಂದು. ಆ ಕೂದಲು ಬರುವುದು ದೇವಸ್ಥಾನಗಳಿಂದ. ನಿಮ್ಮಲ್ಲೂ ಎಷ್ಟೋ ಜನ ಚಿಕ್ಕವರಿದ್ದಾಗ ಧರ್ಮಸ್ಥಳದಲ್ಲೋ ತಿರುಪತಿಯಲ್ಲೋ ಮುಡಿ ಕೊಟ್ಟಿರುತ್ತೀರಿ. ಫೋಟೋದಲ್ಲಿ ನುಣ್ಣನೆ ತಲೆಯ ಮಗು ಅಳುತ್ತ ಕೂತಿದ್ದರೆ ಅದು ನೀವೇ. ಹಾಗೆ ಹರಕೆಯಾಗಿ ಬಂದ ಕೂದಲಲ್ಲಿ ಉದ್ದನೆಯದು ವಿಗ್ ಮಾಡುವವರಿಗೆ ಮಾರಾಟವಾಗುತ್ತದೆ, ಗಿಡ್ಡನೆಯದು ಇಂಥ ಹಗ್ಗವಾಗುತ್ತದೆ.

ಈಗ ಮತ್ತೊಮ್ಮೆ ಆ ಗೋಡೆಯನ್ನು ನೋಡಿ. ಎಷ್ಟು ಜನರ ಹರಕೆ, ಎಷ್ಟು ಜನರ ಭಯ ಅಲ್ಲಿ ಒಟ್ಟಿಗೆ ತೂಗುತ್ತಿದೆ! ಹೆಸರು ಗೊತ್ತಿಲ್ಲದ ಸಾವಿರಾರು ಜನರ ತಲೆಯಿಂದ ಇಳಿದ ಕೂದಲು ಕಾರಿನ ಉಕ್ಕನ್ನು ಹೊತ್ತು ನಿಂತಿದೆ. ಬೆಂಗಳೂರಿನ ರಸ್ತೆಯಲ್ಲಿ ಗಾಡಿಯ ಮೂಲೆಯಲ್ಲೆಲ್ಲೋ ಕಂಡೂ ಕಾಣದಂತೆ ಇರುವ ಗೇಣುದ್ದದ ಹಗ್ಗಕ್ಕೆ ಇಲ್ಲಿ ಇಡೀ ಕೋಣೆ ಸಿಕ್ಕಿದೆ.

ಶೀಲಾ ಗೌಡರ ಹೆಚ್ಚಿನ ಕೃತಿಗಳ ಸ್ವಭಾವವೇ ಹೀಗೆ. ಅವರು ಬಳಸುವ ಸಾಮಾನು ಅಂಗಡಿಯಿಂದ ತಂದ ಬಣ್ಣವಲ್ಲ. ನಮ್ಮ ಹಿತ್ತಲು, ಅಡುಗೆಮನೆ, ಬೀದಿಗಳಲ್ಲಿ ದಿನವೂ ಕೈಗೆ ತಾಗುವಂಥದ್ದು.

ಹಾಗೆಂದು ಅವರಿಗೆ ಬಣ್ಣ ಬಾರದು ಎಂದಲ್ಲ. ಅವರು ಕಲಿತದ್ದೇ ಚಿತ್ರ ಬರೆಯುವುದನ್ನು. ಮೊದಲು ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಕಟ್ಟಿ ಬೆಳೆಸಿದ ಕೆನ್ ಕಲಾಶಾಲೆ, ಆಮೇಲೆ ಬರೋಡಾ, ಶಾಂತಿನಿಕೇತನ, ಕೊನೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. 1986ರಲ್ಲಿ ಅಲ್ಲಿಂದ ಪದವಿ ಪಡೆದು ಬಂದವರು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದರು.

ಆಮೇಲೆ 1992ರ ಡಿಸೆಂಬರ್ ಬಂತು. ಅಯೋಧ್ಯೆಯಲ್ಲಿ ಬಾಬರಿ ಮಸೀದಿಯನ್ನು ಕೆಡವಲಾಯಿತು, ಮುಂಬೈಯಲ್ಲಿ ಗಲಭೆ ಎದ್ದು ಬಹಳ ಜನ ಸತ್ತರು. (ಅದರ ಕತೆಯನ್ನು ಮನೆಯಲ್ಲಿ ದೊಡ್ಡವರ ಜೊತೆ ಕೂತು ಕೇಳಿ. ದೊಡ್ಡವರು ಒಬ್ಬೊಬ್ಬರು ಒಂದೊಂದು ರೀತಿ ಹೇಳಿದರೆ ಅದನ್ನೂ ಗಮನಿಸಿ.) ಆ ದಿನಗಳಲ್ಲಿ ಭಾರತದ ಅನೇಕ ಕಲಾವಿದರಿಗೆ, ಇಂಥ ಹೊತ್ತಿನಲ್ಲಿ ತಾವು ಮಾಡುತ್ತಿರುವುದು ಏನನ್ನು ಎಂಬ ಪ್ರಶ್ನೆ ಎದುರಾಯಿತು. ಶೀಲಾ ಗೌಡ ಕುಂಚ ಬದಿಗಿಟ್ಟು ಸಗಣಿಗೆ ಕೈ ಹಾಕಿದರು.

ನಗಬೇಡಿ, ಸಗಣಿಯೇ. ಕಾಗದಕ್ಕೆ ಮೆತ್ತಿದರು, ಉಂಡೆ ಕಟ್ಟಿದರು, ತಟ್ಟಿದರು. ನಿಮ್ಮ ಅಜ್ಜಿಯಂದಿರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಅಂಗಳ ಸಾರಿಸಲು ಸಗಣಿ, ಒಲೆಗೆ ಬೆರಣಿ, ಹಬ್ಬದ ದಿನ ಗರಿಕೆ ಸಿಕ್ಕಿಸಿದ ಬೆನಕನಿಗೂ ಅದೇ. ಒಂದೇ ವಸ್ತು ಪೂಜೆಗೂ ಆಯಿತು, ಉರುವಲಿಗೂ ಆಯಿತು. ಅದನ್ನು ಎತ್ತುವ, ಕಲಸುವ, ತಟ್ಟುವ ಕೆಲಸವೆಲ್ಲ ಹೆಚ್ಚಾಗಿ ಹೆಂಗಸರದು. ಆ ಕೆಲಸಕ್ಕೆ ಕೂಲಿಯಿಲ್ಲ, ಹೆಸರಿಲ್ಲ. ಹಸುವಿನ ಹೆಸರಿನಲ್ಲಿ ಭಾಷಣ, ಮೆರವಣಿಗೆ, ಜಗಳ ನಡೆಯುವ ದೇಶದಲ್ಲಿ, ಆ ಹಸುವಿನ ಸಗಣಿ ಬಾಚುವ ಕೈ ಯಾರದು? ಆ ಕೃತಿಗಳ ಮುಂದೆ ನಿಂತಾಗ ನನಗೆ ಹೊಳೆಯುವ ಪ್ರಶ್ನೆ ಇದು.

ಆ ಕೈಗಳ ವಿಷಯ ಇನ್ನೂ ಗಟ್ಟಿಯಾಗಿ ಬರುವುದು 1998ರ ಒಂದು ಕೃತಿಯಲ್ಲಿ. ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’, ಅಂದರೆ ‘ನನ್ನ ನೋವನ್ನು ಅವನಿಗೆ ಹೇಳು’. ಗೋಡೆಯಿಂದ ಇಳಿದು ನೆಲದ ಮೇಲೆ ಬಳುಕುತ್ತ ಹೋಗುವ ಉದ್ದನೆಯ ಕೆಂಪು ಹುರಿ. ದೂರದಿಂದ ನೋಡಿದರೆ ಸಲೀಸಾದ ಗೆರೆಯಂತೆ ಕಾಣುತ್ತದೆ. ಮಾಡಿದ ಬಗೆ ಕೇಳಿ: ಬಹಳ ಉದ್ದದ ದಾರ, ಅದಕ್ಕೊಂದು ಸೂಜಿ. ಸೂಜಿಯ ಕಣ್ಣಿನಲ್ಲಿ ದಾರವನ್ನು ಪೋಣಿಸಿ ಎಳೆಯುತ್ತ ಎಳೆಯುತ್ತ ಸೂಜಿ ದಾರದ ನಟ್ಟನಡುವಿಗೆ ಬರಬೇಕು. ಹೀಗೆ ಹಲವು ದಾರ, ಹಲವು ಸೂಜಿ. ಆಮೇಲೆ ಎಲ್ಲ ಎಳೆಗಳನ್ನೂ ಒಟ್ಟು ಹಿಡಿದು ಗೋಂದು ಮತ್ತು ಕುಂಕುಮ ಸವರಿ ಒಂದೇ ಹುರಿ ಮಾಡಬೇಕು. ಹುರಿಯ ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ತೂಗುತ್ತವೆ. ಹಣೆಗಿಡುವ ಕುಂಕುಮ, ಬಟ್ಟೆ ಹೊಲಿಯುವ ಸೂಜಿ, ಎರಡೂ ಸಾಧು ವಸ್ತುಗಳು. ಆದರೆ ಅಲ್ಲಿ ಆ ಕೆಂಪು ಬಣ್ಣ ಬೇರೇನನ್ನೋ ನೆನಪಿಸುತ್ತದೆ, ಸೂಜಿಯ ಮೊನೆಯನ್ನು ಕಂಡರೆ ಬೆರಳು ತಾನಾಗಿಯೇ ಹಿಂದೆ ಸರಿಯುತ್ತದೆ. ನನ್ನ ಲೆಕ್ಕದಲ್ಲಿ ಅವರ ಎಲ್ಲ ಕೃತಿಗಳಲ್ಲಿ ಇದೇ ಹೆಚ್ಚು. ನಿಮಗೆ ‘ಬಿಹೋಲ್ಡ್’ ಹೆಚ್ಚು ಅನ್ನಿಸಿದರೆ ಜಗಳವಿಲ್ಲ.

ಅಗರಬತ್ತಿಯೂ ಅವರ ಕೈಗೆ ಬಂದಿದೆ. ಬೆಂಗಳೂರು, ಮೈಸೂರು ಕಡೆ ಎಷ್ಟೋ ಹೆಂಗಸರು ಮನೆಯಲ್ಲೇ ಕೂತು ಬತ್ತಿ ಹೊಸೆದು ಹೊಟ್ಟೆ ಹೊರೆದಿದ್ದಾರೆ. ಬತ್ತಿಗೆ ಹಚ್ಚುವ ಅದೇ ಕಪ್ಪು ಹಿಟ್ಟನ್ನು ಶೀಲಾ ಗೌಡ ನಾನಾ ಆಕಾರಕ್ಕೆ ಲಟ್ಟಿಸಿ, ಜಾಲರಿ ಹಾಸಿದ ಚೌಕಟ್ಟುಗಳ ಮೇಲಿಟ್ಟು ಸುಟ್ಟರು. ಉಳಿದದ್ದು ಬೂದಿ. ಆ ಬೂದಿಯೇ ಕೃತಿ, ‘ಕೊಲ್ಯಾಟರಲ್’. 2007ರಲ್ಲಿ ಜರ್ಮನಿಯ ಕಾಸೆಲ್ ಊರಿನ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಇತ್ತು. ಯಾರಾದರೂ ಜೋರಾಗಿ ಸೀನಿದ್ದರೆ ಏನಾಗುತ್ತಿತ್ತೋ!

‘ಡಾರ್ಕ್‌ರೂಮ್’ (2006) ಮಾತ್ರ ನಿಮ್ಮಂಥವರಿಗಾಗಿಯೇ ಮಾಡಿದಂತಿದೆ. ರಸ್ತೆಗೆ ಟಾರು ಹಾಕುವಾಗ ಖಾಲಿಯಾಗುವ ಡ್ರಮ್ಮುಗಳು ಗೊತ್ತಲ್ಲ? ರಸ್ತೆ ಕೆಲಸದ ಕೂಲಿಯವರು ಆ ಡ್ರಮ್ಮುಗಳನ್ನು ಕೊಯ್ದು ತಗಡು ಮಾಡಿ ಅದರಲ್ಲೇ ಗುಡಿಸಲು ಕಟ್ಟಿಕೊಳ್ಳುತ್ತಾರೆ. ಆ ಡ್ರಮ್ಮು, ಆ ತಗಡುಗಳಿಂದಲೇ ಶೀಲಾ ಗೌಡ ಒಂದು ಕೋಣೆ ಕಟ್ಟಿದರು. ಎದುರಿನಿಂದ ನೋಡಿದರೆ ಡ್ರಮ್ಮುಗಳು ಅರಮನೆಯ ಕಂಬಗಳ ಗತ್ತಿನಲ್ಲಿ ನಿಂತಿವೆ. ಒಳಗೆ ಹೋಗಬೇಕಾದರೆ ಮೈ ಬಗ್ಗಿಸಲೇಬೇಕು. ಒಳಗೆ ಕತ್ತಲು. ತಲೆ ಎತ್ತಿದರೆ ಮೇಲಿನ ತಗಡಿಗೆ ಹೊಡೆದ ಸಣ್ಣ ಸಣ್ಣ ತೂತುಗಳಿಂದ ಬೆಳಕು ತೂರಿ ನಕ್ಷತ್ರ ತುಂಬಿದ ಆಕಾಶ. ಚೆಂದ ಎಂದು ಬಾಯಿ ತೆರೆಯುವಷ್ಟರಲ್ಲಿ, ಇಂಥ ತಗಡಿನ ಕೆಳಗೆ ನಿಜವಾಗಿ ಮಲಗುವವರಿಗೆ ಈ ತೂತುಗಳಿಂದ ಬೀಳುವುದು ಮಳೆ ಎಂಬುದು ನೆನಪಾಗಬೇಕು.

ಇನ್ನು ಒರಳುಕಲ್ಲಿನ ಕತೆ. ಇದನ್ನು ಶೀಲಾ ಗೌಡ ಮತ್ತು ಅವರ ಪತಿ, ಸ್ವಿಟ್ಜರ್ಲೆಂಡಿನ ಕಲಾವಿದ ಕ್ರಿಸ್ಟೋಫ್ ಸ್ಟೋರ್ಟ್ಸ್ ಇಬ್ಬರೂ ಸೇರಿ ಮಾಡಿದರು. ಬೆಂಗಳೂರಿನ ಹಳೇ ಮನೆಗಳಲ್ಲಿ ರುಬ್ಬುವ ಕಲ್ಲು ಅಡುಗೆಮನೆಯ ನೆಲದಲ್ಲೇ ಹೂತಿರುತ್ತಿತ್ತು. ದೋಸೆ ಹಿಟ್ಟು, ಚಟ್ನಿ, ಹಬ್ಬದ ಮಸಾಲೆ ಎಲ್ಲ ಅದರಲ್ಲೇ. ಮಿಕ್ಸಿ ಬಂತು, ಗ್ರೈಂಡರ್ ಬಂತು. ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳಿಸುವಾಗ ಕಲ್ಲನ್ನು ಕಿತ್ತರು. ಕಿತ್ತ ಮೇಲೆ ಏನು ಮಾಡುವುದು? ಹೊಸ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಮನೆಮಂದಿಗೆ ಅನ್ನ ಕೊಟ್ಟ ಕಲ್ಲನ್ನು ಒಡೆಯುವುದು ಒಳ್ಳೆಯದಲ್ಲ ಎಂಬ ಅಳುಕು ಬೇರೆ. ಹಾಗಾಗಿ ಒಡೆಯಲೂ ಇಲ್ಲ, ಇಟ್ಟುಕೊಳ್ಳಲೂ ಇಲ್ಲ. ಮೆಲ್ಲಗೆ ರಸ್ತೆ ಬದಿಗೆ ಉರುಳಿಸಿ ಬಂದರು. ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಇಂಥ ಕಲ್ಲುಗಳು ಮರದ ಬುಡದಲ್ಲಿ, ಕಾಂಪೌಂಡಿನ ಮೂಲೆಯಲ್ಲಿ ಕೂತಿರುತ್ತವೆ.

ಅಂಥ 170 ಕಲ್ಲುಗಳನ್ನು ಕಲೆಹಾಕಿ ಕೊಚ್ಚಿಗೆ ಸಾಗಿಸಿ, 2012ರ ಡಿಸೆಂಬರಿನಲ್ಲಿ ಶುರುವಾದ ಮೊಟ್ಟಮೊದಲ ಕೊಚ್ಚಿ ಮುಝಿರಿಸ್ ಬಿಯೆನಾಲೆಯಲ್ಲಿ ಇರಿಸಿದರು. ಜಾಗ ಆಸ್ಪಿನ್‌ವಾಲ್ ಹೌಸ್, ಸಮುದ್ರದ ಅಂಚಿನಲ್ಲಿ ಹಿಂದೆ ವ್ಯಾಪಾರದ ಕಂಪನಿಯೊಂದರ ಗೋದಾಮುಗಳಿದ್ದ ಕಟ್ಟಡ. ಮೆಣಸು, ಸಾಂಬಾರ ಪದಾರ್ಥ ಹಡಗು ಹತ್ತುತ್ತಿದ್ದ ಊರಿನಲ್ಲಿ, ಅವನ್ನೇ ಅರೆದು ಅರೆದು ನುಣ್ಣಗಾದ ಕಲ್ಲುಗಳು ಮುಂದಿನ ಹಡಗಿಗೆ ಕಾದವರಂತೆ ಕೂತವು. ಕೃತಿಯ ಹೆಸರು ‘ಸ್ಟಾಪ್‌ಓವರ್’. ವಿಮಾನ ಬದಲಿಸಲು ದುಬೈಯಲ್ಲೋ ಫ್ರಾಂಕ್‌ಫರ್ಟಿನಲ್ಲೋ ತೂಕಡಿಸುತ್ತ ಕೂತವರಿಗೆ ಈ ಹೆಸರನ್ನು ನಾನು ಬಿಡಿಸಿ ಹೇಳಬೇಕಿಲ್ಲ.

‘ಇದೆಲ್ಲ ಹೇಗೆ ಕಲೆ? ಕಲ್ಲು ಹೊತ್ತು ತಂದಿಟ್ಟರೆ ಆಯಿತೇ? ನಾನೂ ಮಾಡುತ್ತಿದ್ದೆ’ ಎಂದು ನಿಮ್ಮಲ್ಲೊಬ್ಬರು ಕೇಳಿಯೇ ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ಒಂದು ಸೂಜಿಗೆ ಒಂದೇ ದಾರವನ್ನು ಹಾಗೆ ಪೋಣಿಸಿ ನೋಡಿ, ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗಿನ ಉದ್ದವಾದರೆ ಸಾಕು. ಎಷ್ಟು ಸಲ ಸಿಕ್ಕಾಗುತ್ತದೆ ಲೆಕ್ಕ ಇಡಿ. ಇನ್ನು, ಏನನ್ನು ತರಬೇಕು, ಎಷ್ಟು ತರಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಇನ್ನೊಂದು ಕಷ್ಟ. ಆ ಲಾರಿಯ ಹಗ್ಗವನ್ನು ಲಕ್ಷಾಂತರ ಜನ ದಿನವೂ ನೋಡುತ್ತಿದ್ದೆವು. ಅದು 4 ಕಿಲೋಮೀಟರ್ ಆದರೆ ಹೇಗಿರುತ್ತದೆ ಎಂದು ಯೋಚಿಸಲಿಲ್ಲ.

ದೊಡ್ಡವರಿಗೂ ಒಂದು ಮಾತು. ‘ನೋಡಿ, ನಮ್ಮ ಸಂಸ್ಕೃತಿ ಲಂಡನ್ನಿಗೆ ಹೋಯಿತು’ ಎಂದು ಈ ಕೃತಿಗಳನ್ನು ವೇದಿಕೆಯ ಮೇಲೆ ಮೆರೆಸುವ ಆತುರ ಬೇಡ. ಶೀಲಾ ಗೌಡ ನಮ್ಮ ಹಿತ್ತಲನ್ನು ಹೊಗಳಲು ಹೊರಟವರಲ್ಲ. ಅಲ್ಲಿ ದುಡಿದವರು ಯಾರು, ಬೆವರು ಯಾರದು, ಹೆದರಿಕೆ ಯಾವುದರದು ಎಂದು ನೋಡುತ್ತಾರೆ. 2019ರಲ್ಲಿ ಅವರಿಗೆ ಮಾರಿಯಾ ಲಾಸ್ನಿಗ್ ಪ್ರಶಸ್ತಿ ಬಂತು, ಅದೇ ವರ್ಷ ಮಿಲಾನಿನ ಪಿರೆಲ್ಲಿ ಹ್ಯಾಂಗರ್‌ಬಿಕೊಕಾದಲ್ಲಿ ಅವರ ದೊಡ್ಡ ಪ್ರದರ್ಶನವೂ ನಡೆಯಿತು. ಇದನ್ನು ಹೆಮ್ಮೆಯಿಂದಲೇ ಹೇಳೋಣ, ಆದರೆ ಕೃತಿ ಏನು ಕೇಳುತ್ತಿದೆ ಎಂಬುದನ್ನೂ ಮಕ್ಕಳಿಗೆ ಹೇಳೋಣ.

ಹೀಗೆ ಕೆಲಸ ಮಾಡುವ ನಮ್ಮ ಕಡೆಯ ಕಲಾವಿದರು ಶೀಲಾ ಗೌಡ ಒಬ್ಬರೇ ಅಲ್ಲ. ನಗು ಬೇಕಾದವರು ಮೈಸೂರಿನ ಬಾದಲ್ ನಂಜುಂಡಸ್ವಾಮಿ ಅವರ ಕೆಲಸ ಹುಡುಕಿ: 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಕೆರೆ ಮಾಡಿ ಅದರಲ್ಲಿ ಮೊಸಳೆ ಬಿಟ್ಟರು, 2019ರಲ್ಲಿ ಹೊಂಡಬಿದ್ದ ರಸ್ತೆಯನ್ನೇ ಚಂದ್ರ ಮಾಡಿ ಅದರ ಮೇಲೆ ಗಗನಯಾತ್ರಿಯನ್ನು ನಡೆಸಿದರು. ಎರಡು ಸಲವೂ ಪಾಲಿಕೆಯವರು ಓಡೋಡಿ ಬಂದು ರಸ್ತೆ ರಿಪೇರಿಗೆ ಇಳಿದರು. ದೇವರ ಕೋಣೆಯ ರವಿವರ್ಮನ ಲಕ್ಷ್ಮಿ ಎಂದೆನಲ್ಲ, ಅದೇ ಲಕ್ಷ್ಮಿಯಂತೆ ತಾವೇ ಸಿಂಗರಿಸಿಕೊಂಡು ನಿಂತು ಫೋಟೋ ತೆಗೆಸಿಕೊಂಡವರು ಬೆಂಗಳೂರಿನ ಎನ್. ಪುಷ್ಪಮಾಲಾ, ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ ಸರಣಿ ಅದು. ಕುಂದಾಪುರ ಸೀಮೆಯ ಶಿಲ್ಪಿ ಎಲ್.ಎನ್. ತಲ್ಲೂರ್ ಅವರ ಕೃತಿಗಳು 2019ರಲ್ಲಿ ನ್ಯೂಜೆರ್ಸಿಯ ಗ್ರೌಂಡ್ಸ್ ಫಾರ್ ಸ್ಕಲ್ಪ್ಚರ್‌ನಲ್ಲಿ ತಿಂಗಳುಗಟ್ಟಲೆ ಇದ್ದವು. ಆ ಕಡೆಯ ಕೂಟದವರಲ್ಲಿ ಎಷ್ಟು ಜನ ಹೋಗಿದ್ದರೋ.

ಲಂಡನ್ನಿನ ಹತ್ತಿರ ಇರುವವರು ‘ಬಿಹೋಲ್ಡ್’ ನೋಡಲು ಹೊರಡುವ ಮುಂಚೆ ಟೇಟ್‌ನವರನ್ನು ಕೇಳಿಕೊಂಡೇ ಹೋಗಿ, ಸಂಗ್ರಹದಲ್ಲಿರುವುದೆಲ್ಲ ಯಾವಾಗಲೂ ಗೋಡೆಯ ಮೇಲಿರುವುದಿಲ್ಲ. ರಜೆಗೆ ಬೆಂಗಳೂರಿಗೆ ಹೋಗುವವರಿಗೆ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ಇದೆ. ಜನವರಿಯಲ್ಲಿ ಅಲ್ಲಿದ್ದರಂತೂ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ತಪ್ಪಿಸಿಕೊಳ್ಳಬೇಡಿ. ಒಂದು ದಿನದ ಮಟ್ಟಿಗೆ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಕಲಾವಿದರು ತಮ್ಮ ಕೃತಿ ಹರಡಿಕೊಂಡು ಕೂರುತ್ತಾರೆ. ಗೊಂಬೆ, ಬೋಂಡಾ ಮುಗಿದ ಮೇಲೆ ಯಾರಾದರೊಬ್ಬರ ಮುಂದೆ ನಿಂತು, ‘ಇದನ್ನ ಯಾವುದರಲ್ಲಿ ಮಾಡಿದ್ರಿ?’ ಅಂತ ಕೇಳಿ. ನಿಮ್ಮ ಕನ್ನಡ ತೊದಲಿದರೂ ಪರವಾಗಿಲ್ಲ, ಆ ಪ್ರಶ್ನೆ ಕೇಳಿದರೆ ಅವರು ಕುರ್ಚಿ ಎಳೆದು ಕೂರಿಸಿಕೊಂಡು ಹೇಳುತ್ತಾರೆ.